ಮಹಿಷಾಸುರನಿಗೊಂದು ಸ್ವಿಚ್ಚು

ಆಂಟಾಪ್ ಹಿಲ್ಲಿನ ಬುಡದ ಆ ಚಾಳಿನಲ್ಲಿ ಯಾರ ಮನೆಯ ಸ್ಟವ್ ಕೆಮ್ಮಲು ಶುರುಮಾಡಿದರೂ ಅದು ನೇರವಾಗಿ ಬಂದು ಕೂರುತ್ತಿದ್ದದ್ದು ಅಮ್ಮಣ್ಣಿಯ ಹೊಸ್ತಿಲಲ್ಲಿ. ಅವಳು ಮಗುವನ್ನು ಎಡ ಸೊಂಟಕ್ಕೆ ಏರಿಸಿಕೊಂಡು, ಬಲಗೈಯಲ್ಲಿ ಪಂಪು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ, "ವಾಷರ್ ಒಣಗಿದೆ ಕಣ್ರೀ. ಬೈದ್ರೆ ಅದಕ್ಕೇನು ಗೊತ್ತಾಗುತ್ತೆ? ಒಂದು ತೊಟ್ಟು ಕೊಬ್ಬರಿ ಎಣ್ಣೆ ಕುಡಿಸಿ" ಎನ್ನುವಳು. ಮೈಸೂರಿನಲ್ಲಿ ಸೌದೆಯ ಒಲೆ ಊದಿ ಬೆಳೆದ ಹುಡುಗಿ ಅವಳು. ಮದುವೆಯಾಗಿ ಬೊಂಬಾಯಿಗೆ ಬಂದ ಹೊಸತರಲ್ಲಿ ಬುಸ್ಸೆಂದು ಉರಿಯುವ ಸ್ಟವ್ವಿಗೆ ಹೆದರಿ ಬಾಗಿಲ ತನಕ ಓಡಿದ್ದಳಂತೆ. ಆದರೆ ಹೆದರಿದ್ದರ ಹತ್ತಿರ ಹೋಗಿ ಕೂತು, ಇದರ ಹೊಟ್ಟೆಯಲ್ಲಿ ಏನಿದೆ ಅಂತ ನೋಡದಿದ್ದರೆ ಅವಳಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಆ ಸ್ಟವ್ವಿನಿಂದ ಶುರುವಾದದ್ದು, ಹೊಲಿಗೆ ಯಂತ್ರ, ನಲ್ಲಿ, ಛತ್ರಿ, ಎಲ್ಲಕ್ಕೂ ಹಬ್ಬಿತು.

ಗಂಡ ಸತ್ಯಮೂರ್ತಿ ವಡಾಲದ ರೈಲ್ವೆ ಯಾರ್ಡಿನಲ್ಲಿ ಗುಮಾಸ್ತ. ಪಾಳಿಯ ಕೆಲಸ. ಆ ಮನುಷ್ಯನಿಗೆ ಬೀಡಿಯಿಲ್ಲ, ಇಸ್ಪೀಟಿಲ್ಲ, ಇದ್ದದ್ದು ಒಂದೇ ಹುಚ್ಚು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಗುಜರಿಗೆ ಹಾಕಿದ್ದ ಸಾಮಾನುಗಳಿಂದ ಒಂದು ಆಂಪ್ಲಿಫಯರ್ ಕಟ್ಟಿದ್ದ. ಟ್ರಂಕಿನ ಮೇಲೆ ಅದರ ಠಾಣೆ. ದಪ್ಪ ಕಬ್ಬಿಣದ ತಟ್ಟೆ, ಮೇಲೆ ಸಾಲಾಗಿ ಗಾಜಿನ ವಾಲ್ವುಗಳು. ಕರೆಂಟು ಕೊಟ್ಟರೆ ಅವು ಒಂದೊಂದಾಗಿ ಸಂಜೆಯ ದೀಪದ ಹಾಗೆ ಕೆಂಪಗಾಗುವವು. ಮಗಳು ಪುಟ್ಟಿ ತೊಟ್ಟಿಲಲ್ಲಿ ಅತ್ತಾಗ ಅವಳಪ್ಪ ಆ ದೀಪ ತೋರಿಸಿ ಸಮಾಧಾನ ಮಾಡುತ್ತಿದ್ದ. ಚಾಳಿನವರಿಗೆಲ್ಲ ಅದು "ಸತ್ಯಮೂರ್ತಿಯ ಮಿಷನ್ನು". ಗಣಪತಿ, ದಸರಾ, ಮದುವೆ, ಏನೇ ಬರಲಿ, ಅಂಗಳದಲ್ಲಿ ಕಂಬಕ್ಕೆ ಹಾರ್ನ್ ಕಟ್ಟಿ ಆ ಮಿಷನ್ನಿನಿಂದಲೇ ಮೈಕು.

ಮಿಷನ್ನಿಗೊಂದು ಊನವಿತ್ತು. ಮಾತಾಡಿಸುವ ಬಾಯಿಗಳು ಮೂರು: ವೇದಿಕೆಯ ಮೈಕು, ಹಿಂಬದಿಯ ಪರದೆಯ ಹಿಂದಿನ ಮೈಕು, ಗ್ರಾಮಫೋನು. ಕೇಳುವ ಕಿವಿ ಮಾತ್ರ ಒಂದೇ. ಒಂದರ ತಂತಿ ಕಿತ್ತು ಇನ್ನೊಂದರ ತಂತಿ ಚುಚ್ಚಬೇಕು. ಚುಚ್ಚುವಾಗ ಬೆರಳು ತಾಕಿತೋ, ಹಾರ್ನು ಗುಂಯ್ ಎಂದು ಗರ್ಜಿಸುವುದು. ಜೋರು ಕಡಿಮೆ ಮಾಡುವುದು ಮರೆತು ಚುಚ್ಚಿದರಂತೂ ಕೀ... ಎಂಬ ಕಿರುಚಾಟ ಪಕ್ಕದ ಬಡಾವಣೆ ಕೋಳಿವಾಡಕ್ಕೂ ಕೇಳುವುದು.

ಹಿಂದಿನ ವರ್ಷದ ದಸರೆಯಲ್ಲಿ ಹಾಗೇ ಆಯಿತು. ಚಾಳಿನ ಹೆಂಗಸರು ಮೊದಲ ಸಲ ಒಂದು ಸಣ್ಣ ನಾಟಕ ಹೂಡಿದ್ದರು. ಅಕ್ಕು ಅದರ ಮುಂದಾಳು. ಉಡುಪಿ ಕಡೆಯವಳು, ಗಂಡ ಕೊರಗಪ್ಪ ಮಾಟುಂಗದ ಹೋಟೆಲಿನಲ್ಲಿ ದೋಸೆ ಭಟ್ಟಿಯ ಮುಂದೆ ನಿಲ್ಲುವವನು. ಚಿಕ್ಕಂದಿನಿಂದ ಬಯಲಾಟ ನೋಡಿ ನೋಡಿ ಅವಳಿಗೆ ಕುಣಿತ ಕಾಲಿನಲ್ಲೂ ಅಬ್ಬರ ಗಂಟಲಲ್ಲೂ ಕೂತಿತ್ತು. ಅವಳು ವೇದಿಕೆಗೆ ಬಂದು ಬಾಯಿ ತೆರೆದ ಹೊತ್ತಿಗೆ ಸರಿಯಾಗಿ ಹಾರ್ನು ಕಿರುಚಿತು. ಮುಂದಿನ ಸಾಲಿನ ಮಕ್ಕಳು ಹಾಗೇ ಕಿರುಚಿ ತೋರಿಸಿದರು. ಗಂಡಸರು ನಕ್ಕರು. ಅಕ್ಕುವಿಗೆ ಮಾತೇ ಮರೆತುಹೋಯಿತು. ಅವಳು ಸೆರಗಿನ ತುದಿ ಹಿಡಿದುಕೊಂಡು ಸುಮ್ಮನೆ ನಿಂತದ್ದು ಅಮ್ಮಣ್ಣಿಯ ಕಣ್ಣಿಂದ ವರ್ಷವಾದರೂ ಹೋಗಲಿಲ್ಲ.

ಈ ವರ್ಷ ಚಾಳಿನ ಕನ್ನಡ ಸಂಘದ ಮೀಟಿಂಗಿನಲ್ಲಿ ಕಾರ್ಯದರ್ಶಿ ನೀಲಕಂಠಪ್ಪನವರು ಗಂಟಲು ಸರಿಮಾಡಿಕೊಂಡರು. ಧಾರವಾಡದ ಕಡೆಯ ಹಿರಿಯರು, ದಾದರಿನಲ್ಲಿ ಬಟ್ಟೆ ಅಂಗಡಿ, ಹಣೆಯ ಮೇಲೆ ಅಳಿಸದ ವಿಭೂತಿ.

"ನೋಡ್ರವಾ, ನಿಮ್ಮ ಉತ್ಸಾಹ ನನಗ ತಿಳೀತೈತಿ. ಆದ್ರ ಹೋದ ವರ್ಷ ನಗೆಪಾಟಲಾತು. ಈ ಸಲ ವಿಜಯದಶಮಿ ಸಂಜಿಗೆ ಛಂದಾಗಿ ಭಜನಿ ಮಾಡಿಬಿಡ್ರಿ. ನಾಟಕ ಗಣಮಕ್ಕಳಿಗೆ ಬಿಡ್ರಿ."

"ಯಾಕ್ರಿ, ಹೋದ ವರ್ಷ ಗಣಮಕ್ಕಳ ಮೀಸಿ ಕಳಚಿ ಬಿದ್ದಾಗ ನಗೆಪಾಟಲಾಗಲಿಲ್ಲೇನು?" ಎಂದವಳು ಬೇರೆ ಯಾರೂ ಅಲ್ಲ, ಅವರ ಹೆಂಡತಿ ಚಂದ್ರವ್ವ.

"ನೀ ಸುಮ್ಮನಿರು."

"ಮೂವತ್ತು ವರ್ಷ ಸುಮ್ಮನ ಇದ್ದೀನಿ. ಇನ್ನಽ ಎಷ್ಟಿರ್ಲಿ?"

ನಗು ಇಳಿದ ಮೇಲೆ ಅಮ್ಮಣ್ಣಿ ಮಗುವನ್ನು ತಟ್ಟುತ್ತ ಕೇಳಿದಳು: "ತಪ್ಪು ಅಕ್ಕೂದಲ್ಲ ಕಾಕಾ, ಮಿಷನ್ನಿಂದು. ಮಿಷನ್ನು ಕಿರುಚದೇ ಇದ್ರೆ?"

ನೀಲಕಂಠಪ್ಪನವರು ಗಡ್ಡ ಕೆರೆದುಕೊಂಡು ಯೋಚಿಸಿದರು. ಕೆಟ್ಟ ಮನುಷ್ಯರಲ್ಲ, ಆದರೆ ಒಮ್ಮೆ ಆಡಿದ ಮಾತಿಗೆ ಗೂಟ ಹೊಡೆದು ಕಟ್ಟುವ ಜಾತಿ. "ಕಿರುಚದಿದ್ರ ಆಡ್ರಿ. ಆದ್ರ ಮುಂದಿನ ಪರದೆ ಹಗ್ಗ ನನ್ನ ಕೈಯಾಗ ಇರ್ತೈತಿ. ಒಂದಽ ಒಂದು ಸಲ ಕಿರುಚಿತು ಅಂದ್ರ ಪರದೆ ಬೀಳ್ತೈತಿ, ಅಲ್ಲಿಂದಲೇ ಭಜನಿ ಶುರು. ಮುಂದ ಯಾವ ವರ್ಷಾನೂ ಹೆಂಗಸರ ನಾಟಕದ ಮಾತು ಎತ್ತಬಾರದು. ಒಪ್ಪಿಗೀನೋ?"

ಅಕ್ಕು ಅಮ್ಮಣ್ಣಿಯ ಮುಖ ನೋಡಿದಳು. ಅಮ್ಮಣ್ಣಿ, "ಒಪ್ಪಿಗೆ" ಎಂದುಬಿಟ್ಟಳು.

ಹೊರಗೆ ಬಂದಮೇಲೆ ಅಕ್ಕು ಅವಳ ತೋಳು ಚಿವುಟಿದಳು. "ಎಂತ ಮಾರಾಯ್ತಿ, ಸೀದಾ ಒಪ್ಪಿಗೆ ಹೇಳಿದ್ದಲ್ಲ, ಏನಾದ್ರೂ ಉಪಾಯ ಉಂಟಾ?"

"ಇಲ್ಲ."

"ದೇವರೇ! ಮತ್ತೆ?"

"ಹುಡುಕೋಣ."

ಗಂಡನನ್ನು ಕೇಳಿದರೆ ಅವನು ಪಾಪ ನಿಜವನ್ನೇ ಹೇಳಿದ. "ಅದಕ್ಕೆ ತಿರುಗೋ ಸ್ವಿಚ್ಚು ಅಂತ ಬರುತ್ತೆ ಕಣೇ. ಒಂದು ಹಿಡಿ ತಿರುಗಿಸಿದ್ರೆ ಒಂದೊಂದು ತಂತಿ ಸೇರ್ಕೊಳ್ಳುತ್ತೆ. ಲ್ಯಾಮಿಂಗ್ಟನ್ ರೋಡಿನ ರೇಡಿಯೋ ಅಂಗಡಿಗಳನ್ನೆಲ್ಲ ಸುತ್ತಿದೀನಿ. ವಿಲಾಯತಿಯಿಂದ ಬರಬೇಕಂತೆ, ಬಂದಾಗ ಬಂತು. ವಿಜಯದಶಮಿ ದಿನ ನನಗೆ ಡ್ಯೂಟಿ ಬೇರೆ. ಯಾರು ಕೂತ್ಕೋತಾರೆ ಮಿಷನ್ ಮುಂದೆ?"

"ನಾನು."

ಅವನು ನಗಲಿಲ್ಲ. ಅದಕ್ಕೇ ಅಮ್ಮಣ್ಣಿಗೆ ಅವನೆಂದರೆ ಇಷ್ಟ.

ಉಪಾಯ ಸಿಕ್ಕಿದ್ದು ಮಸಾಲೆ ದೋಸೆಯ ಮುಂದೆ. ಆ ಭಾನುವಾರ ಸತ್ಯಮೂರ್ತಿ ಹೆಂಡತಿ ಮಗಳನ್ನು ಕೊರಗಪ್ಪನ ಹೋಟೆಲಿಗೆ ಕರೆದುಕೊಂಡು ಹೋಗಿದ್ದ. ಫ್ಯಾಮಿಲಿ ರೂಮಿನ ಗೋಡೆಯಲ್ಲಿ ಅವಳ ತಲೆಯ ಪಕ್ಕಕ್ಕೇ ಫ್ಯಾನಿನ ರೆಗ್ಯುಲೇಟರ್ ಇತ್ತು. ಕಪ್ಪು ಕಬ್ಬಿಣದ ದುಂಡು ಪೆಟ್ಟಿಗೆ, ನಡುವೆ ಒಂದು ಹಿಡಿ. ಸೆಖೆಯೆಂದು ಅವಳು ತಿರುಗಿಸಿದಳು. ಟಕ್. ಫ್ಯಾನು ಜೋರಾಯಿತು. ಟಕ್. ಇನ್ನೂ ಜೋರು. ದೋಸೆ ಬಂತು, ಚಟ್ನಿ ಬಂತು. ಅಮ್ಮಣ್ಣಿ ಕಿವಿಯನ್ನು ಪೆಟ್ಟಿಗೆಗೆ ಒತ್ತಿ ಹಿಂದಕ್ಕೆ ತಿರುಗಿಸಿದಳು. ಟಕ್, ಟಕ್. ಫ್ಯಾನು ನಿಧಾನವಾಯಿತು. ಮತ್ತೆ ಮುಂದಕ್ಕೆ.

"ದೋಸೆ ಆರ್‍ತಾ ಇದೆ, ಅಮ್ಮಣ್ಣಿ."

"ಏನೂಂದ್ರೆ, ಇದರೊಳಗೆ ಏನಿರುತ್ತೆ?"

"ಹಿತ್ತಾಳೆ ಗುಂಡಿಗಳು. ಹಿಡಿಯ ತೋಳು ಒಂದೊಂದೇ ಗುಂಡಿ ಮೇಲೆ ಹೋಗಿ ಕೂತ್ಕೊಳ್ಳುತ್ತೆ, ಅಷ್ಟೇ..." ಎನ್ನುತ್ತಿದ್ದವನ ಕೈಯ ತುತ್ತು ಕೈಯಲ್ಲೇ ನಿಂತಿತು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಫ್ಯಾನು ಜೋರು ನಿಧಾನ ಆಡುವುದನ್ನು ಕಂಡು ಗಲ್ಲಾದಿಂದ ಹೋಟೆಲಿನ ಧಣಿ ಎದ್ದು ಬಂದರು. "ಎಂತಮ್ಮಾ, ಪಂಕ ಹಾಳಾಯ್ತಾ?"

"ಇಲ್ಲ ಸ್ವಾಮಿ, ಇದು ಹಾಳಾಗಿದ್ದಿದ್ರೆ ನನಗೆ ಕೊಡ್ತಿದ್ರೇನೋ ಅಂತ ನೋಡ್ತಿದ್ದೆ."

ಧಣಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಗಿರಾಕಿಯ ಮಾತು ತೆಗೆದುಹಾಕುವುದುಂಟೇ? ಒಳಗೆ ಸುಟ್ಟುಹೋದ ಹಳೆಯ ರೆಗ್ಯುಲೇಟರೊಂದು ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಸಂಜೆ ಕೊರಗಪ್ಪ ಅದನ್ನು ಬಾಳೆಲೆಯಲ್ಲಿ ಸುತ್ತಿ, ದೋಸೆಯ ಪಾರ್ಸಲಿನ ಹಾಗೆ ತಂದುಕೊಟ್ಟ.

ಮರುದಿನ ಮಗು ಮಲಗಿದ ಮೇಲೆ ಅಮ್ಮಣ್ಣಿ ಅದನ್ನು ಚಾಪೆಯ ಮೇಲೆ ಬಿಚ್ಚಿದಳು. ಒಳಗೊಂದು ಪಿಂಗಾಣಿ ಬಿಲ್ಲೆ. ಬಿಲ್ಲೆಯ ಮೇಲೆ ಅರ್ಧಚಂದ್ರಾಕಾರವಾಗಿ ಐದು ಹಿತ್ತಾಳೆ ಗುಂಡಿಗಳು, ಮಸಿಯಾಗಿ ಕೂತಿದ್ದವು. ನಡುವಿನಿಂದ ಚಾಚಿದ ತೋಳು. ಹಿಂಬದಿಯ ಸುಟ್ಟ ತಂತಿಯ ಸುರುಳಿಯನ್ನು ಕಿತ್ತು ಎಸೆದಳು. ಗುಂಡಿಗಳನ್ನು ದೇವರ ದೀಪ ಬೆಳಗುವ ಹಾಗೆ ಹುಣಸೆಹಣ್ಣಿನಿಂದ ಉಜ್ಜಿ, ಬಿಸಿನೀರಲ್ಲಿ ತೊಳೆದು, ಬಿಸಿಲಿಗಿಟ್ಟಳು. ತೋಳು ಸಡಿಲವಾಗಿತ್ತು. ಅದರ ಕೆಳಗೆ ಹಿತ್ತಾಳೆಯ ತೆಳು ಪಟ್ಟಿಯೊಂದನ್ನು ಬಗ್ಗಿಸಿ ಸೇರಿಸಿದಾಗ ಅದು ಗುಂಡಿಗಳ ಮೇಲೆ ಒತ್ತಿ ಕೂರತೊಡಗಿತು. ಬೆಸುಗೆಯ ಕಡ್ಡಿಯನ್ನು ಸ್ಟವ್ವಿನ ಜ್ವಾಲೆಗೆ ಹಿಡಿದು ಕಾಯಿಸಿ, ಹುಳಿ ಕುದಿಯಲು ಇಟ್ಟ ಬಿಡುವಿನಲ್ಲಿ ಒಂದೊಂದು ಗುಂಡಿಯ ಬೆನ್ನಿಗೆ ಒಂದೊಂದು ತಂತಿ ಅಂಟಿಸಿದಳು. ಗಂಡನಿಗೆ ತಂತಿ ಹಿಡಿದುಕೊಟ್ಟು ಹಿಡಿದುಕೊಟ್ಟು ಆ ವಿದ್ಯೆ ತಾನಾಗಿ ಕೈಗೆ ಬಂದಿತ್ತು. ಆ ದಿನ ಹುಳಿ ಸ್ವಲ್ಪ ತಳ ಹಿಡಿಯಿತು. ಸತ್ಯಮೂರ್ತಿ, "ಇವತ್ತು ಹುಳಿಗೆ ಬೆಸುಗೆ ಹಾಕಿದೀಯಾ?" ಎಂದು ಕೇಳಿ ಎರಡನೇ ಸಲವೂ ಬಡಿಸಿಕೊಂಡ.

ಮೊದಲ ಪರೀಕ್ಷೆ ನೆಟ್ಟಗಾಗಲಿಲ್ಲ. ತೋಳು ಒಂದು ಗುಂಡಿಯಿಂದ ಮುಂದಿನದಕ್ಕೆ ಜಾರುವಾಗ ಕ್ಷಣಕಾಲ ಎರಡನ್ನೂ ಮುಟ್ಟುತ್ತಿತ್ತು. ಆ ಕ್ಷಣದಲ್ಲಿ ಎರಡು ಮೈಕೂ ಒಟ್ಟಿಗೆ ತೆರೆದುಕೊಂಡು ಕೂಂ ಎಂದು ಊಳಿಟ್ಟವು. ಪುಟ್ಟಿ ಬೆಚ್ಚಿ ಎದ್ದು ಅತ್ತಳು. ಅವಳನ್ನು ಎದೆಗೆ ಹಾಕಿಕೊಂಡು ಅಮ್ಮಣ್ಣಿ ಆ ಐದು ಗುಂಡಿಗಳನ್ನೇ ನೋಡುತ್ತ ಕೂತಳು. ಹಾಲು ಕುಡಿದು ಮಗುವಿನ ಕಣ್ಣು ಮುಚ್ಚುವ ಹೊತ್ತಿಗೆ ಅವಳ ಕಣ್ಣು ತೆರೆಯಿತು. ಚೌಕಾಬಾರದಲ್ಲಿ ಎದುರಾಳಿ ಕಾಯಿ ಹೊಡೆಯಲಾಗದ, ಅಡ್ಡಗೆರೆಯ ಮನೆಗಳಿರುತ್ತವಲ್ಲ, ಹಾಗೆ ಇಲ್ಲೂ ಮಾಡಿದರೆ? ಮೂರು ಬಾಯಿಗೆ ಒಂದನೆಯ, ಮೂರನೆಯ, ಐದನೆಯ ಗುಂಡಿ. ನಡುವಿನ ಎರಡು ಗುಂಡಿ ಖಾಲಿ. ಅಲ್ಲಿ ಯಾರ ಮಾತೂ ಇಲ್ಲ.

ಸತ್ಯಮೂರ್ತಿ ಕೇಳಿ ಮಂಡಿ ತಟ್ಟಿದ. "ಖಾಲಿ ಬಿಡಬೇಡ, ಅವೆರಡನ್ನೂ ಮಿಷನ್ನಿನ ಅರ್ತಿಗೆ, ಅಂದ್ರೆ ಕೆಳಗಿನ ಕಬ್ಬಿಣದ ತಟ್ಟೆಗೆ, ಸೇರಿಸಿಬಿಡು. ಆಗ ಅಲ್ಲಿ ಗುಂಯ್ ಅನ್ನೋದೂ ಇರಲ್ಲ, ಪೂರ್ತಿ ಮೌನ. ಇಡೀ ಸ್ವಿಚ್ಚನ್ನ ತಗಡಿನ ಡಬ್ಬದೊಳಗೆ ಕೂರಿಸು, ಡಬ್ಬಕ್ಕೂ ಅರ್ತು ಕೊಡು." ಪುಟ್ಟಿಯ ಬಾಲಾಮೃತದ ಹಿಟ್ಟಿಟ್ಟಿದ್ದ ಬಿಸ್ಕತ್ತಿನ ಡಬ್ಬ ಖಾಲಿಯಾಯಿತು. ಹಿಟ್ಟು ಪಿಂಗಾಣಿ ಜಾಡಿಗೆ ಹೋಯಿತು.

ಮಹಾನವಮಿಯ ಹಿಂದಿನ ದಿನ ಅಂಗಳದಲ್ಲಿ ಪರೀಕ್ಷೆ. ಅಮ್ಮಣ್ಣಿ ಹಿಡಿ ತಿರುಗಿಸಿದಳು. ಗ್ರಾಮಫೋನಿನಲ್ಲಿ ನಾಗಸ್ವರ. ಟಕ್, ಮೌನ. ಟಕ್, ವೇದಿಕೆಯಿಂದ ಅಕ್ಕುವಿನ ಕೆಮ್ಮು. ಟಕ್, ಮೌನ. ಟಕ್, ಪರದೆಯ ಹಿಂದಿನಿಂದ ಚಂದ್ರವ್ವನ "ಹಲೋ, ಹಲೋ, ಕೇಳಾಕತ್ತೈತೇನು?" ಹಿಂದೆ ಮುಂದೆ ಎಷ್ಟು ತಿರುಗಿಸಿದರೂ ಒಂದು ಚೀತ್ಕಾರವಿಲ್ಲ, ಒಂದು ಗುಂಯ್ ಇಲ್ಲ.

ನೀಲಕಂಠಪ್ಪನವರು ಕುರ್ಚಿಯಿಂದ ಎದ್ದೇ ಬಂದರು. ಡಬ್ಬದ ಮುಚ್ಚಳ ತೆಗೆಸಿ ಒಳಗೆ ಇಣುಕಿ, ಹೊಳೆಯುವ ಐದು ಗುಂಡಿಗಳನ್ನು ನೋಡಿದಾಗ ಅವರ ಮುಖವೂ ಹಿತ್ತಾಳೆಯ ಹಾಗೆ ಹೊಳೆಯಿತು. "ತಂಗೀ, ನೀ ಸಾಮಾನ್ಯಳಲ್ಲ ಬಿಡು. ನಾಳೆ ನಮ್ಮ ಮನ್ಯಾಗ ಖಂಡೆ ಪೂಜಿ. ಅಂಗಡಿ ಕತ್ರಿ, ಗಜಕಡ್ಡಿ ಎಲ್ಲಾ ಇಡ್ತೀನಿ. ನಿನ್ನ ಡಬ್ಬೀನೂ ಕೊಡವಾ. ನನ್ನ ಕೈಯಾರ ಪೂಜಿ ಮಾಡ್ತೀನಿ."

ಮುನಿಸಿಕೊಂಡಿದ್ದ ಹಿರಿಯರು ಹೀಗೆ ಪ್ರೀತಿಯಿಂದ ಕೇಳುವಾಗ ಬೇಡವೆನ್ನುವುದು ಹೇಗೆ? ಆಯುಧಪೂಜೆಯ ದಿನ ಆಯುಧ ದೇವರ ಮುಂದೆ ಇರಬೇಕಾದದ್ದೇ ಸರಿ. ಅಮ್ಮಣ್ಣಿ ತಂತಿ ಬಿಚ್ಚಿ ಡಬ್ಬವನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು.

ವಿಜಯದಶಮಿಯ ಮಧ್ಯಾಹ್ನ ಅದು ಹೂವು ಮುಡಿದುಕೊಂಡು ವಾಪಸು ಬಂತು. ಸತ್ಯಮೂರ್ತಿ ಡಬ್ಬಿ ಊಟ ಕಟ್ಟಿಕೊಂಡು ಡ್ಯೂಟಿಗೆ ಹೋಗಿಯಾಗಿತ್ತು. ಅಂಗಳದಲ್ಲಿ ಜಮಖಾನೆ ಹಾಸುತ್ತಿದ್ದರು, ಪರದೆ ಕಟ್ಟಿತ್ತು. ಅಮ್ಮಣ್ಣಿ ವೇದಿಕೆಯ ಪಕ್ಕ ಮಿಷನ್ನಿನ ಮುಂದೆ ಕೂತು ತಂತಿಗಳನ್ನು ಸೇರಿಸಿದಳು. ಗ್ರಾಮಫೋನಿನ ಕಡೆಗೆ ಹಿಡಿ ತಿರುಗಿಸಿ ಮುಳ್ಳು ಇಟ್ಟಳು.

ಹಾರ್ನಿನಿಂದ ಚರಚರ ಸದ್ದು ಬಂತು. ನಾಗಸ್ವರ ನೀರೊಳಗಿನಿಂದ ಬಂದ ಹಾಗೆ ಕೇಳಿತು. ಅದರ ಹಿಂದಿನಿಂದ, ಬರಲೇಬಾರದಾಗಿದ್ದ ಒಂದು ದನಿಯೂ ಇಡೀ ಚಾಳಿಗೆ ಕೇಳಿಸಿತು:

"...ಮೊಂಡ ಅಂದ್ರ ಮೊಂಡ! ಹಗ್ಗ ಹಿಡಕೊಂಡು ಕುಂಡ್ರತಾರಂತ ಹಗ್ಗ. ದನಾ ಕಾಯಾಕ ಕಳಸಬೇಕು ಅವರ್ನ..."

ಪರದೆಯ ಹಿಂದೆ ದೇವಿಯ ವೇಷಕ್ಕೆ ಸೀರೆ ಉಡುತ್ತಿದ್ದ ಚಂದ್ರವ್ವ. ಅಂಗಳದ ನಡುವೆ ಕುರ್ಚಿ ಜೋಡಿಸುತ್ತಿದ್ದ ನೀಲಕಂಠಪ್ಪನವರು ಕುರ್ಚಿ ಹಿಡಿದುಕೊಂಡೇ ನಿಂತರು. ಜಮಖಾನೆ ಹಾಸುತ್ತಿದ್ದವರು ಬಗ್ಗಿದವರು ಬಗ್ಗಿದಂತೆಯೇ ನಗತೊಡಗಿದರು.

ಅಮ್ಮಣ್ಣಿಗೆ ನಗು ಬರಲಿಲ್ಲ. ಒಂದನೆಯ ಗುಂಡಿಯಲ್ಲಿದ್ದರೆ ಐದನೆಯದರ ಮಾತು ಹೇಗೆ ಸೋರಿತು? ಮಿಷನ್ನು ಆರಿಸಿ ಡಬ್ಬದ ಮುಚ್ಚಳ ತೆಗೆದಳು.

ಒಳಗೆ ಐದು ಗುಂಡಿಗಳೂ ಪುಟ್ಟ ಪುಟ್ಟ ಲಿಂಗಗಳಂತೆ ಕೂತಿದ್ದವು. ಒಂದೊಂದರ ಮೇಲೂ ಅಡ್ಡ ವಿಭೂತಿ, ನಡುವೆ ಕುಂಕುಮ, ತುದಿಯಲ್ಲಿ ಒಂದೊಂದು ಅಕ್ಷತೆ ಕಾಳು. ತೋಳಿಗೂ ವಿಭೂತಿ. ಸಾಲದ್ದಕ್ಕೆ ಹಾಲು ಜೇನುತುಪ್ಪದ ಅಭಿಷೇಕವೂ ಆಗಿ, ಅದು ಬಿಲ್ಲೆಯ ಮೇಲೆ ಅಂಟಂಟಾಗಿ ಹರಿದು ಒಂದು ಗುಂಡಿಯಿಂದ ಇನ್ನೊಂದಕ್ಕೆ ಸೇತುವೆ ಕಟ್ಟಿತ್ತು. ಸೇತುವೆಯ ಮೇಲೆ ಇರುವೆಗಳು ಸಾಲು ಹಿಡಿದು ಹೊರಟಿದ್ದವು.

"ಅಯ್ಯೋ ಕಾಕಾ," ಎಂದಳು ಅಮ್ಮಣ್ಣಿ, ಹತ್ತಿರ ಬಂದು ನಿಂತಿದ್ದ ನೀಲಕಂಠಪ್ಪನವರಿಗೆ. "ಒಳಗ್ಯಾಕೆ ಹಚ್ಚಿದ್ರಿ?"

"ಮತ್ತ? ಬರೇ ಹೊರಗಿನ ತಗಡಿಗೆ ಹಚ್ಚಿದ್ರ ಪೂಜಿ ಅಕ್ಕೈತೇನವಾ? ಜೀವ ಇರೋದು ಒಳಗ ಅಲ್ಲೇನು?"

"ಕಿವಿ ತುಂಬ ವಿಭೂತಿ ತುರುಕಿದ್ರೆ ನಿಮಗಾದ್ರೂ ಕೇಳ್ಸುತ್ತಾ?"

ಅವರು ಇಣುಕಿ ನೋಡಿದರು. ಇರುವೆಗಳನ್ನು ಕಂಡರು. ಹಿರಿಯರ ಮುಖ ಸಣ್ಣದಾಯಿತು. ಆ ಹೊತ್ತಿಗೆ ಅರ್ಧ ಸೀರೆ ಉಟ್ಟ ಚಂದ್ರವ್ವ, ತಲೆಗೆ ಕೋಣದ ಕೊಂಬು ಕಟ್ಟಿಕೊಂಡ ಅಕ್ಕು, ಇಬ್ಬರೂ ಓಡಿಬಂದರು.

"ದೇವರ ಮ್ಯಾಲಿನ ಭಕ್ತಿ ಅಲ್ಲರೀ ಇದು, ನಮ್ಮ ನಾಟಕದ ಮ್ಯಾಲಿನ ಸಿಟ್ಟು!" ಎಂದಳು ಚಂದ್ರವ್ವ.

"ಆಣೆ ಮಾಡ್ತೀನಿ, ಹಂಗಲ್ಲ..." ನೀಲಕಂಠಪ್ಪನವರು ಹಣೆಯ ವಿಭೂತಿ ಮುಟ್ಟಿಕೊಂಡರು. "ತಪ್ಪು ನಂದಽ. ಆದ್ರ ಕಮಿಟಿ ಮುಂದ ಆಡಿದ ಮಾತು... ಅದನ್ನ ಹೆಂಗ ತಿರುಗಿ ನುಂಗಲಿ?"

"ನುಂಗಬೇಡಿ ಕಾಕಾ. ಹಗ್ಗ ನಿಮ್ಮ ಕೈಲೇ ಇರ್ಲಿ," ಎಂದಳು ಅಮ್ಮಣ್ಣಿ. "ಅಕ್ಕೂ, ಪುಟ್ಟೀನ ಹಿಡ್ಕೋ."

ಸ್ಟವ್ ಹೊತ್ತಿಸುವ ಸ್ಪಿರಿಟಿನ ಸೀಸೆ ತಂದಳು. ಹೂಬತ್ತಿ ಹೊಸೆಯುವ ಹತ್ತಿಯನ್ನು ಕಡ್ಡಿಗೆ ಸುತ್ತಿ ಅದ್ದಿದಳು. ಮೊದಲ ಗುಂಡಿಯ ಕುಂಕುಮದ ಹತ್ತಿರ ಬಂದಾಗ ಕೈ ತಡೆಯಿತು. ಹಬ್ಬದ ದಿನ, ಮುತ್ತೈದೆ ಹೆಂಗಸು, ಪೂಜೆಗೆ ಇಟ್ಟ ಕುಂಕುಮವನ್ನು ತನ್ನ ಕೈಯಾರೆ ಒರೆಸುವುದೇ? ಆಮೇಲೆ ಬೆರಳ ತುದಿಯಿಂದ ಆ ಕುಂಕುಮವನ್ನು ಮೆಲ್ಲಗೆ ತೆಗೆದು ಡಬ್ಬದ ಮುಚ್ಚಳದ ಮೇಲಿಟ್ಟಳು. ಒರೆಸಿದ್ದಲ್ಲ, ಸ್ಥಳ ಬದಲಾಯಿಸಿದ್ದು. ಎರಡನೆಯದು, ಮೂರನೆಯದು. ಐದೂ ಕುಂಕುಮಗಳು ಮುಚ್ಚಳದ ಮೇಲೆ ಸಾಲಾಗಿ ಕೂತ ಮೇಲೆ ಮನಸ್ಸು ಹಗುರಾಯಿತು. ಇನ್ನು ಸ್ಪಿರಿಟಿನ ಕೆಲಸ. ಅಂಟು, ಬೂದಿ, ಇರುವೆ, ಎಲ್ಲ ಹತ್ತಿಗೆ ಬಂತು. ಹತ್ತಿ ಕಪ್ಪಾದಂತೆ ಬಿಸಾಡಿ ಹೊಸದು. ಗುಂಡಿಗಳ ಸಂದಿಗೆ ಸ್ಟವ್ ಪಿನ್ನು. ಕಡೆಗೆ ಬಾಯಲ್ಲಿ ಉಫ್ ಎಂದು ಊದಿ ಒಣಗಿಸಿದಳು.

ನೀಲಕಂಠಪ್ಪನವರು ಪಕ್ಕದಲ್ಲಿ ಸೀಸೆಯ ಬಿರಡೆ ಹಿಡಿದುಕೊಂಡು ನಿಂತಿದ್ದರು. ಕುಂಕುಮ ಮುಚ್ಚಳ ಸೇರಿದ್ದನ್ನು ನೋಡಿ ಕಣ್ಣು ಮುಚ್ಚಿ ಕೈಮುಗಿದರು.

ಜನ ಬಂದು ಸೇರಿದರು. ಚಾಳಿನವರು, ಪಕ್ಕದ ಬಿಲ್ಡಿಂಗಿನವರು, ಮಾಟುಂಗದ ಹೋಟೆಲಿನಿಂದ ರಜೆ ಹಾಕಿ ಬಂದ ಕೊರಗಪ್ಪನ ಗೆಳೆಯರು. ಪುಟ್ಟಿ ಯಾರ ಹತ್ತಿರವೂ ನಿಲ್ಲದೆ ಅತ್ತದ್ದರಿಂದ ಅಮ್ಮಣ್ಣಿ ಅವಳನ್ನು ಮಡಿಲಲ್ಲೇ ಕೂರಿಸಿಕೊಂಡಳು. ಎದುರುಗಡೆ, ವೇದಿಕೆಯ ಆ ತುದಿಯಲ್ಲಿ, ಪರದೆಯ ಹಗ್ಗವನ್ನು ಅಂಗೈಗೆ ಸುತ್ತಿಕೊಂಡು ನೀಲಕಂಠಪ್ಪನವರು ಕೂತರು.

ಟಕ್. ನಾಗಸ್ವರ ತಿಳಿನೀರಿನ ಹಾಗೆ ಹರಿಯಿತು. ಮುಂದಿನ ಪರದೆ ಎದ್ದಿತು.

ಟಕ್, ಟಕ್. ಮಹಿಷಾಸುರ ಬಂದ. ಅಕ್ಕುವಿನ ಮುಖಕ್ಕೆ ಮಸಿ, ತಲೆಗೆ ಕೊಂಬು, ಸೊಂಟಕ್ಕೆ ಗಂಡನ ಹೋಟೆಲಿನ ಕೆಂಪು ಟೇಬಲ್ ಬಟ್ಟೆ. ಹಿಂದಿನ ವರ್ಷ ನಕ್ಕಿದ್ದ ಮಕ್ಕಳು ಬಾಯಿ ತೆರೆದು ಕೂತವು. ಅವಳು ವೇದಿಕೆಯನ್ನು ಸುತ್ತಿ ಸುತ್ತಿ ಕುಣಿದು ಮೈಕಿನ ಮುಂದೆ ನಿಂತು, "ದೇವತೆಗಳು ಎಲ್ಲಿ? ಅಡಗಿದ್ದಾರಾ? ಬರ್ಲಿಕ್ಕೆ ಹೇಳಿ!" ಎಂದಳು. ಅಂಗಳ ಹೋ ಎಂದಿತು. ಅದು ಅಪಹಾಸ್ಯದ ನಗು ಅಲ್ಲ, ಸಂತೋಷದ್ದು. ಎರಡರ ವ್ಯತ್ಯಾಸ ವೇದಿಕೆಯ ಮೇಲೆ ನಿಂತವರಿಗೆ ಚೆನ್ನಾಗಿ ತಿಳಿಯುತ್ತದೆ. ಅಕ್ಕು ಇನ್ನೂ ಒಂದು ಸುತ್ತು ಹೆಚ್ಚು ಕುಣಿದಳು.

ಅಮ್ಮಣ್ಣಿಯ ಕೈ ಹಿಡಿಯ ಮೇಲಿತ್ತು, ಕಣ್ಣು ಅಕ್ಕುವಿನ ಮೇಲಿತ್ತು. ಮಾತಿಗೆ ಸರಿಯಾಗಿ ಟಕ್, ಹಾಡಿಗೆ ಸರಿಯಾಗಿ ಟಕ್. ನಾಟಕ ಏರುತ್ತ ಹೋಯಿತು. ಈಗ ಮಹಿಷ ಲೋಕವನ್ನೆಲ್ಲ ಗೆದ್ದು ಕೊನೆಯ ಅಬ್ಬರ ಹಾಕಬೇಕು. ಅಬ್ಬರ ಮುಗಿದ ಮೇಲೆ ಹಿಂಬದಿಯ ಪರದೆಯ ಹಿಂದಿನಿಂದ ದೇವಿಯ ದನಿ.

"ಮೂರು ಲೋಕದಲ್ಲಿ ನನ್ನನ್ನು ತಡೆಯುವವರು ಯಾರು? ಯಾರಿದ್ದಾರೆ? ಆ ಹ್ಹ ಹ್ಹ..."

ಮಡಿಲಲ್ಲಿದ್ದ ಪುಟ್ಟಿಗೆ ಆ ಹಿಡಿಯ ಮೇಲೆ ಮೊದಲಿಂದ ಕಣ್ಣಿತ್ತು. ಅಮ್ಮ ತಿರುಗಿಸುವ ಆಟಿಕೆ! ಎರಡೂ ಕೈ ಚಾಚಿ, ಗಪ್ಪನೆ ಹಿಡಿದು, ಎಳೆದಳು.

ಟಕ್.

ಹಾರ್ನು ನಿಂತುಹೋಯಿತು. ಮಹಿಷಾಸುರನ ಬಾಯಿ ತೆರೆದೇ ಇತ್ತು, ಸದ್ದಿಲ್ಲ. ಎದುರು ತುದಿಯಲ್ಲಿ ನೀಲಕಂಠಪ್ಪನವರು ಹಗ್ಗ ಬಿಗಿಹಿಡಿದು ಎದ್ದು ನಿಂತದ್ದು ಅಮ್ಮಣ್ಣಿಗೆ ಕಂಡಿತು. ಅವರು ಕಾಯುತ್ತಿದ್ದದ್ದು ಕಿರುಚಾಟಕ್ಕೆ. ಕಿರುಚಾಟ ಬರಲಿಲ್ಲ. ಮಗು ಎಳೆದದ್ದು ನಡುವಿನ ಮೌನದ ಗುಂಡಿಯ ಮೇಲಕ್ಕೆ.

ಅಕ್ಕುವಿಗೆ ಏನು ಹೊಳೆಯಿತೋ! ಅವಳು ಬಾಯಿ ಮುಚ್ಚದೆ, ಕಣ್ಣರಳಿಸಿ, ಯಾರೋ ಗಂಟಲು ಹಿಡಿದವರಂತೆ ಆಕಾಶ ನೋಡಿದಳು. ಒಂದು ಹೆಜ್ಜೆ ಹಿಂದಕ್ಕಿಟ್ಟಳು. ಅಮ್ಮಣ್ಣಿ ಮಗುವಿನ ಪುಟ್ಟ ಬೆರಳುಗಳನ್ನು ಬಿಡಿಸಲಿಲ್ಲ. ಅವುಗಳ ಮೇಲೆಯೇ ತನ್ನ ಕೈಯಿಟ್ಟು, ಇನ್ನೊಂದು ಮನೆ ಮುಂದಕ್ಕೆ ತಿರುಗಿಸಿದಳು.

ಟಕ್.

"ನಾನಿದ್ದೀನಿ, ಮಹಿಷಾ."

ಚಂದ್ರವ್ವನ ದನಿ ಕಂಬದ ಮೇಲಿಂದ ಗುಡ್ಡಕ್ಕೆ ಬಡಿದು ತಿರುಗಿ ಬಂತು. ಮುಂದಿನ ಸಾಲಿನ ಅಜ್ಜಿಯೊಬ್ಬಳು ಎದ್ದು ನಿಂತು ಕೈಮುಗಿದಳು. ಅವಳನ್ನು ನೋಡಿ ಹಿಂದಿನವರೂ ಎದ್ದರು. ನೀಲಕಂಠಪ್ಪನವರ ಅಂಗೈಯಿಂದ ಹಗ್ಗ ತಾನಾಗಿ ಜಾರಿತು. ಹೆಂಡತಿಯ ಆ ದನಿಯನ್ನು ಅವರು ಮೂವತ್ತು ವರ್ಷಗಳಲ್ಲಿ ಇಷ್ಟು ಜೋರಾಗಿ ಕೇಳಿರಲಿಲ್ಲ. ಅವರೂ ಕೈಮುಗಿದುಬಿಟ್ಟರು.

ಆಮೇಲೆ ನಾಟಕ ಓಡಿತು. ದೇವಿ ಬಂದಳು, ಮಹಿಷ ಬಿದ್ದ, ಬಿದ್ದವನು ಚಪ್ಪಾಳೆಗೆ ಮತ್ತೆ ಎದ್ದು ಇನ್ನೊಂದು ಸಲ ಬಿದ್ದ. ಮಂಗಳಾರತಿಯ ಹಾಡಿನ ರಿಕಾರ್ಡು ತಿರುಗಿ ನಿಲ್ಲುವ ತನಕ ಹಾರ್ನು ಒಂದು ಸಲವೂ ಕಿರುಚಲಿಲ್ಲ. ಪರದೆಯನ್ನು ಕೊನೆಗೆ ಇಳಿಸಿದವರು ನೀಲಕಂಠಪ್ಪನವರೇ, ಇಳಿಸಬೇಕಾದ ಹೊತ್ತಿಗೆ.

ಪರದೆಯ ಹಿಂದೆ ಹೆಂಗಸರೆಲ್ಲ ಜಮಖಾನೆಯ ಮೇಲೆ ಕೂತು ಚರ್ಮುರಿ ತಿನ್ನುತ್ತಿದ್ದರು. ಒಬ್ಬರ ಮೇಲೊಬ್ಬರು ಮಾತು, ನಗು. ಅಕ್ಕು ಕೊಂಬು ಬಿಚ್ಚಿರಲಿಲ್ಲ. ಮಸಿ ಹಚ್ಚಿದ ಕೆನ್ನೆಯ ಮೇಲೆ ಕಣ್ಣೀರು ಎರಡು ಗೆರೆ ಎಳೆದಿತ್ತು. ಅದನ್ನು ಯಾರಾದರೂ ತೋರಿಸಿದರೆ, "ಮಸಿ ಕಣ್ಣಿಗೆ ಹೋದದ್ದು ಮಾರಾಯ್ತಿ" ಎನ್ನುತ್ತಿದ್ದಳು. ಅಮ್ಮಣ್ಣಿ ಮಿಷನ್ನು ಆರಿಸಿ, ವಾಲ್ವುಗಳು ಆರುವುದನ್ನು ನೋಡುತ್ತ, ಮಗುವಿಗೆ ಹಾಲೂಡುತ್ತ ಕಂಬಕ್ಕೊರಗಿದ್ದಳು. ಮೈಯ ದಣಿವೆಲ್ಲ ಇಳಿದುಹೋಗುವಷ್ಟು ಸುಖ.

ನೀಲಕಂಠಪ್ಪನವರು ಕಮಿಟಿಯ ಇಬ್ಬರನ್ನು ಕಟ್ಟಿಕೊಂಡು ಪರದೆಯ ಹೊರಗೇ ನಿಂತು ಕೆಮ್ಮಿದರು. ಅಮ್ಮಣ್ಣಿ ಸೆರಗು ಸರಿಮಾಡಿಕೊಂಡು ಬನ್ನಿ ಎಂದಳು.

"ತಂಗೀ, ಒಂದು ಮಾತು. ಬರೋ ತಿಂಗಳು ಒಂದನೇ ತಾರೀಖು ನಮ್ಮ ಕನ್ನಡ ಸೀಮಿ ಎಲ್ಲಾ ಒಂದಾಗ್ತೈತಿ. ಧಾರವಾಡ, ಮೈಸೂರು, ಮಂಗಳೂರು, ಎಲ್ಲಾ. ಇಲ್ಲಿ ದೊಡ್ಡ ಸಮಾರಂಭ ಇಟ್ಕೊಂಡೀವಿ. ಹಾಡೋ ಮಂದಿ ಒಂದು ಕಡೆ, ಮಾತಾಡೋ ಮಂದಿ ಒಂದು ಕಡೆ, ನಡುವ ರಿಕಾರ್ಡು. ನಿನ್ನ ಡಬ್ಬಿ ಬೇಕಿತ್ತು. ನೀನೂ ಬಂದು ಕುಂಡ್ರಬೇಕು."

"ಡಬ್ಬಿ ನಂದಲ್ಲ ಕಾಕಾ," ಎಂದಳು ಅಮ್ಮಣ್ಣಿ. "ಹೆಂಗಸರ ಮಂಡಳೀದು. ಅಕ್ಕೂನ ಕೇಳಿ."

ಮೂವರೂ ಗಂಡಸರು ಮಹಿಷಾಸುರನ ಕಡೆಗೆ ತಿರುಗಿದರು. ಮಹಿಷಾಸುರ ಬಾಯಿಗೆ ಚರ್ಮುರಿ ಹಾಕಿಕೊಂಡು, ನಿಧಾನವಾಗಿ ಅಗಿದು, ನುಂಗಿದ.

"ಆ ಸಮಾರಂಭದಲ್ಲಿ ಹೆಂಗಸರದ್ದು ಎಂತ ಉಂಟು?"

"ಹೆಂಗಸರದು... ಆರತಿ ಐತಿ."

"ಮತ್ತೆ?"

ನೀಲಕಂಠಪ್ಪನವರು ಹೆಂಡತಿಯ ಮುಖ ನೋಡಿದರು. ಚಂದ್ರವ್ವ ಸೀರೆಯ ನಿರಿಗೆ ಎಣಿಸುತ್ತಿದ್ದಳು.

"ಒಂದು... ಸಣ್ಣ ನಾಟಕ?" ಎಂದರು ಅವರು.

"ಸಣ್ಣದು ನಮಗೆ ಬರುದಿಲ್ಲ," ಎಂದಳು ಅಕ್ಕು. "ದೊಡ್ಡದು ಬೇಕಾದ್ರೆ ಮಾಡುವ. ಕೂತುಕೊಳ್ಳಿ, ಚರ್ಮುರಿ ತಿನ್ನಿ, ಮಾತಾಡುವ."

ಹಿರಿಯರು ಪಂಚೆ ಸರಿಮಾಡಿಕೊಂಡು ಜಮಖಾನೆಯ ಅಂಚಿನಲ್ಲಿ ಕೂತರು. ಹೆಂಗಸರು ಸ್ವಲ್ಪ ಸರಿದು ಜಾಗ ಕೊಟ್ಟರು.